ಸಿಮಿಲಿ ಎಂದು ಗುರುತಿಸಿದ ಮೇಲೆ ಮುಂದೇನು? ಇಂಗ್ಲಿಷ್ ಅಲಂಕಾರಗಳು ಮತ್ತು ಮನವೊಲಿಕೆಯ ತಂತ್ರಗಳು

ಹಾಳೆಹೊತ್ತಿಗೆ:
ಎಸ್ಸೆಸ್ಸೆಲ್ಸಿ, ಪಿಯುಸಿ ಮಟ್ಟದ ಮಕ್ಕಳಿಗಾಗಿ ಇಂಗ್ಲಿಷ್‌ನ ಫಿಗರ್ಸ್ ಆಫ್ ಸ್ಪೀಚ್ ಮತ್ತು ಭಾಷಣ, ಪ್ರಬಂಧಗಳಲ್ಲಿ ಬರುವ ಮನವೊಲಿಕೆಯ ತಂತ್ರಗಳನ್ನು ಒಂದೇ ಕಡೆ ಬರೆದಿಡುವ ಯೋಚನೆ ಇದೆ. ವ್ಯಾಖ್ಯೆಗಳು ಯಾವ ಗೈಡಿನಲ್ಲಾದರೂ ಸಿಗುತ್ತವೆ, ಅವು ಬೇಡ. ಒಂದು ಸಾಲು ಕೈಗೆ ಕೊಟ್ಟರೆ "ಇದು ಇದೇ, ಅದಲ್ಲ" ಎಂದು ಬೇರ್ಪಡಿಸುವ ಗುರುತುಗಳು ಬೇಕು. ಹೆಚ್ಚು ಎಡವುವುದು ಇಲ್ಲಿ: ಮೆಟಾನಮಿ ಮತ್ತು ಸಿನೆಕ್ಡಕಿ, ಆಕ್ಸಿಮೋರನ್, ಪ್ಯಾರಡಾಕ್ಸ್, ಆ್ಯಂಟಿತಿಸಿಸ್, ಅನ್ಯಾಫರ ಮತ್ತು ಬರೀ ರಿಪಿಟಿಷನ್, ಹೈಪರ್ಬಲಿ ಮತ್ತು ನಮ್ಮ ಉತ್ಪ್ರೇಕ್ಷೆ. ಇನ್ನೊಂದು ತೊಡಕು: ಹೆಸರು ಸರಿಯಾಗಿ ಬರೆದರೂ ಅದರ ಮುಂದೆ "ಇದರಿಂದ ಕವಿತೆ ಸುಂದರವಾಗಿದೆ" ಎಂದು ಬರೆದು ನಿಲ್ಲಿಸುತ್ತಾರೆ. ಆ ಸಾಲಿನ ಜಾಗದಲ್ಲಿ ಏನು ಬರೆಯಿಸಬೇಕು?

ತುಂಗಾತೀರ:
ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಉಳಿದವೆಲ್ಲ ಅದರ ಹಿಂದೆ ಬರುತ್ತವೆ. ಹತ್ತನೇ ತರಗತಿಯಲ್ಲಿ "ಕ್ವಾಲಿಟಿ ಆಫ್ ಮರ್ಸಿ" ಓದಿದವರು ಬಹಳ ಇದ್ದಾರೆ. ಶೇಕ್ಸ್‌ಪಿಯರ್‌ನ "ಮರ್ಚೆಂಟ್ ಆಫ್ ವೆನಿಸ್" ನಾಟಕದ 4ನೇ ಅಂಕ, 1ನೇ ದೃಶ್ಯ. "ಇಟ್ ಡ್ರಾಪೆತ್ ಆ್ಯಸ್ ದ ಜೆಂಟಲ್ ರೇನ್ ಫ್ರಮ್ ಹೆವನ್". ಅಲಂಕಾರ ಯಾವುದು? ಸಿಮಿಲಿ. ಯಾಕೆ? "ಆ್ಯಸ್" ಇದೆ. ಗೈಡು ಇಲ್ಲಿಗೆ ಮುಗಿಯುತ್ತದೆ.

ಈ ಭಾಷಣಕ್ಕಿಂತ ಸ್ವಲ್ಪ ಮುಂಚೆ ನಡೆದ ಮಾತು ನೋಡಿ. ಸಾಲ ಹಿಂತಿರುಗಿಸದ ಆಂಟೋನಿಯೋನ ಮೈಯಿಂದ ಪತ್ರದಲ್ಲಿ ಬರೆದಂತೆ ಒಂದು ಪೌಂಡ್ ಮಾಂಸ ಬೇಕೆಂದು ಲೇವಾದೇವಿಗಾರ ಶೈಲಾಕ್ ಹಟ ಹಿಡಿದಿದ್ದಾನೆ. ವಕೀಲನ ವೇಷದಲ್ಲಿರುವ ಪೋರ್ಷಿಯಾ "ಹಾಗಾದರೆ ಶೈಲಾಕ್ ದಯೆ ತೋರಲೇಬೇಕು" ಎನ್ನುತ್ತಾಳೆ. ಶೈಲಾಕ್ ತಿರುಗಿ ಕೇಳುತ್ತಾನೆ: "ಆನ್ ವಾಟ್ ಕಂಪಲ್ಷನ್ ಮಸ್ಟ್ ಐ?" ಯಾವ ಬಲವಂತಕ್ಕೆ ನಾನು ತೋರಬೇಕು, ಹೇಳು. ಇಡೀ ಭಾಷಣ ಈ ಪ್ರಶ್ನೆಗೆ ಉತ್ತರ. ಮೊದಲ ಸಾಲಿನ "ನಾಟ್ ಸ್ಟ್ರೇನ್ಡ್" ಎಂದರೆ ಬಲವಂತದ್ದಲ್ಲ ಎಂದು ಅರ್ಥ. "ಸೋಸಿದ್ದಲ್ಲ" ಎಂದು ಬರೆದ ನೋಟ್ಸುಗಳಿದ್ದರೆ ಹರಿದುಹಾಕಿ. ಈಗ ಮಳೆಯನ್ನು ನೋಡಿ. ಮಳೆಯನ್ನು ಯಾರೂ ಬಲವಂತ ಮಾಡಿ ಸುರಿಸುವುದಿಲ್ಲ, ಅದು ತಾನಾಗಿ ಬೀಳುತ್ತದೆ. ಅಂದರೆ ಇಲ್ಲಿ ಸಿಮಿಲಿಯೇ ವಾದ. ಎದುರಾಳಿಯ ಪ್ರಶ್ನೆಯಲ್ಲಿದ್ದ "ಬಲವಂತ" ಎಂಬ ಮಾತನ್ನೇ ಅದು ತಳ್ಳಿಹಾಕುತ್ತದೆ.

"ದಯೆ ಮಳೆಯ ಹಾಗೆ ತಂಪು" ಎಂದು ಬರೆದರೆ ಅಂಕ ಬರಬಹುದು, ಅರ್ಥ ತಪ್ಪಿರುತ್ತದೆ. ನಮ್ಮ ಉಪಮಾಲಂಕಾರದ ನಾಲ್ಕು ಅಂಗಗಳು ಇಲ್ಲಿ ಕೈಹಿಡಿಯುತ್ತವೆ. ಉಪಮೇಯ: ದಯೆ. ಉಪಮಾನ: ಮಳೆ. ಉಪಮಾವಾಚಕ: ಆ್ಯಸ್. ಸಾಧಾರಣ ಧರ್ಮ: ಬಲವಂತವಿಲ್ಲದೆ ಮೇಲಿಂದ ಕೆಳಗೆ ಇಳಿಯುವುದು. ಇಂಗ್ಲಿಷ್ ವಿಮರ್ಶೆಯಲ್ಲಿ ಐ.ಎ. ರಿಚರ್ಡ್ಸ್ 1936ರಲ್ಲಿ ಉಪಮೇಯಕ್ಕೆ ಟೆನರ್, ಉಪಮಾನಕ್ಕೆ ವೆಹಿಕಲ್ ಎಂದು ಹೆಸರಿಟ್ಟ. ಸಾಧಾರಣ ಧರ್ಮಕ್ಕೆ ಗ್ರೌಂಡ್ ಎನ್ನುತ್ತಾರೆ. ಮಕ್ಕಳು ಮೊದಲ ಮೂರನ್ನು ಬರೆದು ನಾಲ್ಕನೆಯದನ್ನು ಬಿಡುತ್ತಾರೆ. ನಾಲ್ಕನೆಯದೇ ಉತ್ತರ.

ಬೆತ್ತದಕುರ್ಚಿ:
ತುಂಗಾತೀರ ಅವರು ಹೇಳಿದ್ದಕ್ಕೆ ಒಂದು ಪ್ರಯೋಗ ಸೇರಿಸುತ್ತೇನೆ. ಉಪಮಾನವನ್ನು ಬದಲಾಯಿಸಿ ನೋಡಬೇಕು. ಮಳೆಯ ಜಾಗದಲ್ಲಿ "ಹೊಳೆ" ಇಟ್ಟರೆ ಏನು ಹೋಯಿತು? ಮೇಲಿಂದ ಕೆಳಕ್ಕೆ ಎಂಬುದು ದುರ್ಬಲವಾಯಿತು, "ಸ್ವರ್ಗದಿಂದ" ಎಂಬುದು ಪೂರ್ತಿ ಹೋಯಿತು. "ಇಬ್ಬನಿ" ಇಟ್ಟರೆ? ಮೃದುತ್ವ ಉಳಿಯಿತು, ಹೊಲಗದ್ದೆಗೆ ಸಾಲುವ ಧಾರಾಳತನ ಹೋಯಿತು. ಹೀಗೆ ಕಳೆದುಹೋದದ್ದನ್ನು ಬರೆದರೆ ಆ ಅಲಂಕಾರದ ಪರಿಣಾಮ ತಾನಾಗಿ ಸಿಗುತ್ತದೆ. ವರ್ಡ್ಸ್‌ವರ್ತ್‌ನ "ಲೋನ್ಲಿ ಆ್ಯಸ್ ಎ ಕ್ಲೌಡ್" ಸಾಲಿಗೂ ಇದನ್ನೇ ಮಾಡಿ: ಮೋಡದ ಜಾಗದಲ್ಲಿ "ಒಂಟಿ ಮರ" ಇಟ್ಟರೆ ಒಂಟಿತನ ಉಳಿಯುತ್ತದೆ, ಅಲೆದಾಟ ಹೋಗುತ್ತದೆ, ಮೇಲಿನಿಂದ ಕೆಳಗಿನ ಹೂಗಳನ್ನು ಕಾಣುವ ನೋಟವೂ ಹೋಗುತ್ತದೆ.

ಅಕ್ಷರಪಥ:
ಜೋಡಿಗಳ ಗುರುತುಗಳಿಗೆ ಬರುತ್ತೇನೆ.

ಸಿನೆಕ್ಡಕಿ, ಮೆಟಾನಮಿ: "ಹೇಳಿದ ವಸ್ತು, ಹೇಳಬೇಕಾದ ವಸ್ತುವಿನ ಅಂಗವೇ?" ಎಂದು ಕೇಳಿ. ಅಂಗವಾದರೆ ಸಿನೆಕ್ಡಕಿ, ಬರೀ ನಂಟಾದರೆ ಮೆಟಾನಮಿ. "ಮನೆಯಲ್ಲಿ ಆರು ಬಾಯಿ ಇವೆ": ಬಾಯಿ ಮನುಷ್ಯನ ಅಂಗ, ಆದ್ದರಿಂದ ಸಿನೆಕ್ಡಕಿ. "ವಿಧಾನಸೌಧ ಒಪ್ಪಲಿಲ್ಲ": ಕಟ್ಟಡ ಸರ್ಕಾರದ ಅಂಗವಲ್ಲ, ಅದು ಕೂರುವ ಜಾಗ, ಆದ್ದರಿಂದ ಮೆಟಾನಮಿ. "ಗಂಗೆಯಲ್ಲಿ ಹಳ್ಳಿ ಇದೆ" ಎಂದು ಹೇಳಿ ಗಂಗೆಯ ದಡ ಎಂದು ತಿಳಿಯುವ ಲಕ್ಷಣಾವೃತ್ತಿಯ ಹಳೆಯ ಉದಾಹರಣೆ ನೆನಪಿದ್ದವರಿಗೆ ಇದು ಹೊಸದಲ್ಲ.

ಆಕ್ಸಿಮೋರನ್, ಪ್ಯಾರಡಾಕ್ಸ್, ಆ್ಯಂಟಿತಿಸಿಸ್: ವಿರೋಧ ಎಲ್ಲಿದೆ ಎಂದು ನೋಡಿ. ಅಕ್ಕಪಕ್ಕದ ಎರಡು ಪದಗಳಲ್ಲಿದ್ದರೆ ಆಕ್ಸಿಮೋರನ್, "ಡೆಫನಿಂಗ್ ಸೈಲೆನ್ಸ್" ಹಾಗೆ. ಇಡೀ ಹೇಳಿಕೆ ಮೇಲ್ನೋಟಕ್ಕೆ ಅಸಂಬದ್ಧವೆನಿಸಿ ಯೋಚಿಸಿದಾಗ ನಿಜವಾದರೆ ಪ್ಯಾರಡಾಕ್ಸ್. ಆ್ಯಂಟಿತಿಸಿಸ್‌ನಲ್ಲಿ ಅಸಂಬದ್ಧತೆಯೇ ಇಲ್ಲ, ಎರಡು ವಿರುದ್ಧ ಸಂಗತಿಗಳು ಒಂದೇ ಅಳತೆಯ ವಾಕ್ಯಗಳಲ್ಲಿ ಎದುರುಬದುರು ನಿಂತಿರುತ್ತವೆ. 1969ರಲ್ಲಿ ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್‌ನ "ಸ್ಮಾಲ್ ಸ್ಟೆಪ್", "ಜಯಂಟ್ ಲೀಪ್" ಇದಕ್ಕೆ ಚೊಕ್ಕ ಮಾದರಿ.

ಕಯಾಸ್ಮಸ್, ಆ್ಯಂಟಿಮೆಟಬಲಿ: ಅವೇ ಪದಗಳು ತಿರುಗುಮುರುಗಾಗಿ ಬಂದರೆ ಎರಡನೆಯದು, ಪದಗಳು ಬೇರೆಯಾಗಿ ಬರೀ ರಚನೆ ತಿರುಗಿದರೆ ಮೊದಲನೆಯದು. 1961ರ ಜನವರಿ 20ರಂದು ಕೆನಡಿ ಅಧಿಕಾರ ಸ್ವೀಕರಿಸಿ ಹೇಳಿದ ಮಾತಿನಲ್ಲಿ, ದೇಶ ನಿಮಗೇನು ಮಾಡೀತು ಎನ್ನಬೇಡಿ, ನೀವು ದೇಶಕ್ಕೇನು ಮಾಡಬಲ್ಲಿರಿ ಎನ್ನಿ ಎಂಬಲ್ಲಿ, "ಯು" ಮತ್ತು "ಕಂಟ್ರಿ" ಜಾಗ ಬದಲಾಯಿಸುತ್ತವೆ. ಅದು ಆ್ಯಂಟಿಮೆಟಬಲಿ. ಪಿಯುಸಿವರೆಗೆ ಇಷ್ಟು ಸೂಕ್ಷ್ಮ ಬೇಕಿಲ್ಲ, ಬಿಎ ಇಂಗ್ಲಿಷ್‌ಗೆ ಬೇಕು.

ಲೈಟೊಟೀಸ್: ವಿರುದ್ಧವಾದದ್ದನ್ನು ಅಲ್ಲಗಳೆದು ಹೇಳಬೇಕಾದ್ದನ್ನು ಹೇಳುವುದು. ಇದನ್ನು ಕಲಿಸುವುದೇ ಬೇಡ, ನಾವು ದಿನಾ ಬಳಸುತ್ತೇವೆ. "ಅವನೇನು ಕಡಿಮೆ ಆಸಾಮಿಯಲ್ಲ."

ಹಳೆಪದ್ಧತಿ:
ಉತ್ಪ್ರೇಕ್ಷೆಯ ಗೊಂದಲ ಬಿಡಿಸಿಯೇ ಬಿಡೋಣ. ದಿನಬಳಕೆಯಲ್ಲಿ ಉತ್ಪ್ರೇಕ್ಷೆ ಎಂದರೆ ಹೆಚ್ಚು ಮಾಡಿ ಹೇಳುವುದು, ಅದಕ್ಕೇ ಮಕ್ಕಳು ಹೈಪರ್ಬಲಿ ಎಂದ ಕೂಡಲೇ ಉತ್ಪ್ರೇಕ್ಷಾಲಂಕಾರ ಎಂದು ಬರೆಯುತ್ತಾರೆ. ಅಲಂಕಾರಶಾಸ್ತ್ರದ ಉತ್ಪ್ರೇಕ್ಷೆ ಬೇರೆಯೇ. ಒಂದು ವಸ್ತುವನ್ನು ಇನ್ನೊಂದೆಂದು ಕಲ್ಪಿಸುವುದು ಅದು: "ಕೆರೆ, ಆಕಾಶ ಮುಖ ನೋಡಿಕೊಳ್ಳಲು ಇಟ್ಟ ಕನ್ನಡಿಯೋ ಎಂಬಂತಿತ್ತು". ಇದರಲ್ಲಿ ಅಳತೆ ಮೀರಿದ್ದೇನೂ ಇಲ್ಲ. ಹೈಪರ್ಬಲಿಗೆ ಹತ್ತಿರ ಬರುವುದು ಅತಿಶಯೋಕ್ತಿ, ಅದೂ ಪೂರ್ತಿ ಒಂದೇ ಅಲ್ಲ. ವರ್ಡ್ಸ್‌ವರ್ತ್ ಒಂದೇ ನೋಟಕ್ಕೆ ಹತ್ತು ಸಾವಿರ ಹೂ ಕಂಡೆ ಎನ್ನುತ್ತಾನಲ್ಲ, ಅದು ಹೈಪರ್ಬಲಿ.

ಪ್ರಾಸದ ವಿಷಯವೂ ಹೀಗೇ. ಕನ್ನಡದ ಹಳೆಯ ಪದ್ಯಗಳಲ್ಲಿ ಪ್ರಾಸ ನಿಲ್ಲುವುದು ಪಾದದ ಎರಡನೇ ಅಕ್ಷರದಲ್ಲಿ. ಆ ಅಭ್ಯಾಸದ ಮಕ್ಕಳು ಅಲಿಟರೇಶನ್‌ಗೂ ಎರಡನೇ ಅಕ್ಷರ ನೋಡುತ್ತಾರೆ. ಅಲಿಟರೇಶನ್‌ಗೆ ಒಟ್ಟಿಗೆ ಬರುವ ಪದಗಳ ಮೊದಲ ವ್ಯಂಜನದ ಉಲಿ ನೋಡಬೇಕು. ವೃತ್ತ್ಯನುಪ್ರಾಸಕ್ಕೆ ಅದು ಹೆಚ್ಚು ಹತ್ತಿರ.

ಅಕ್ಷರಪಥ:
"ಉಲಿ" ಎಂದಿರಿ, ಸರಿ. ಅಲ್ಲೇ ಒಂದು ಉಪಾಯ: ಇಂಗ್ಲಿಷ್ ಸಾಲನ್ನು ಕನ್ನಡ ಲಿಪಿಯಲ್ಲಿ ಬರೆಸಿ. "ಸಿಟಿ", "ಕ್ಯಾಟ್" ಇಂಗ್ಲಿಷ್‌ನಲ್ಲಿ ಒಂದೇ ಅಕ್ಷರದಿಂದ ಶುರುವಾಗುತ್ತವೆ, ಕನ್ನಡದಲ್ಲಿ ಬರೆದರೆ ಅಲಿಟರೇಶನ್ ಇಲ್ಲ ಎಂಬುದು ಕಣ್ಣಿಗೇ ಕಾಣುತ್ತದೆ. "ಫೋನ್", "ಫ್ಯಾನ್" ಬೇರೆ ಅಕ್ಷರಗಳಿಂದ ಶುರುವಾದರೂ ಅಲಿಟರೇಶನ್ ಆಗುತ್ತದೆ. ಕೋಲ್‌ರಿಜ್‌ನ "ದ ಫರೋ ಫಾಲೋಡ್ ಫ್ರೀ" ಬರೆದರೆ ಮೂರೂ ಫಕಾರ ಸಾಲಾಗಿ ನಿಲ್ಲುತ್ತವೆ.

ಈ ಉಪಾಯ ಎರಡು ಕಡೆ ಕೈಕೊಡುತ್ತದೆ. "ವೈನ್" ಎನ್ನುವ ಮದ್ಯ, "ವೈನ್" ಎನ್ನುವ ಬಳ್ಳಿ ಎರಡನ್ನೂ ನಾವು ವಕಾರದಲ್ಲೇ ಬರೆಯುತ್ತೇವೆ, ಇಂಗ್ಲಿಷ್‌ನಲ್ಲಿ ಅವು ಬೇರೆ ಬೇರೆ ಉಲಿ. ಹಾಗಾಗಿ "ವೆರಿ ವಾರ್ಮ್" ಅಲಿಟರೇಶನ್ ಅಲ್ಲ. "ಝೂ" ಎಂಬುದನ್ನು "ಜೂ" ಎಂದು ಬರೆದು "ಜಾಮ್" ಜೊತೆ ಸೇರಿಸಿದರೂ ಇದೇ ತಪ್ಪು.

ಮರಳುಗಡಿಯಾರ:
ಅನ್ಯಾಫರ, ಎಪಿಸ್ಟ್ರಫಿ ಎರಡಕ್ಕೂ ಬಸವಣ್ಣನವರ ವಚನಗಳಿಗಿಂತ ಸುಲಭದ ಉದಾಹರಣೆ ಇಲ್ಲ. "ನುಡಿದರೆ ಮುತ್ತಿನ ಹಾರದಂತಿರಬೇಕು, ನುಡಿದರೆ ಮಾಣಿಕ್ಯದ ದೀಪ್ತಿಯಂತಿರಬೇಕು": ಸಾಲಿನ ಮೊದಲಲ್ಲಿ "ನುಡಿದರೆ" ಮರುಕಳಿಸುವುದು ಅನ್ಯಾಫರ, ಕೊನೆಯಲ್ಲಿ "ಇರಬೇಕು" ಮರುಕಳಿಸುವುದು ಎಪಿಸ್ಟ್ರಫಿ. ಎರಡೂ ಒಟ್ಟಿಗೆ ಬಂದರೆ ಸಿಂಪ್ಲೊಸಿ. ಬರೀ ರಿಪಿಟಿಷನ್‌ಗೆ ಜಾಗದ ಕಟ್ಟುಪಾಡಿಲ್ಲ, ಇವಕ್ಕಿದೆ.

ಇಲ್ಲೊಂದು ವಿಷಯ ಗಮನಿಸಬೇಕು. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ಕೊನೆಯ ಪುನರಾವೃತ್ತಿ ನಮಗೆ ಸಲೀಸು. "ಬೇಕೇ ಬೇಕು, ನ್ಯಾಯ ಬೇಕು" ಎಂಬ ಘೋಷಣೆಯಿಂದ "ಕಳಬೇಡ ಕೊಲಬೇಡ"ದವರೆಗೆ ಒತ್ತು ಬೀಳುವುದು ಕೊನೆಗೆ. ಇಂಗ್ಲಿಷ್‌ನಲ್ಲಿ ಕರ್ತೃ, ಕ್ರಿಯಾಪದ ಮೊದಲೇ ಬರುವುದರಿಂದ ಅನ್ಯಾಫರವೇ ಸಲೀಸು. 1940ರ ಜೂನ್ 4ರಂದು ಚರ್ಚಿಲ್ ಸಂಸತ್ತಿನಲ್ಲಿ "ವಿ ಶಲ್ ಫೈಟ್" ಎಂದು ಸಾಲು ಸಾಲಾಗಿ ಶುರು ಮಾಡಿದ್ದು, 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ "ಐ ಹ್ಯಾವ್ ಎ ಡ್ರೀಮ್" ಎಂದದ್ದು, ಎರಡೂ ಹೀಗೆ. ಎಪಿಸ್ಟ್ರಫಿಗೆ 1863ರ ಗೆಟಿಸ್‌ಬರ್ಗ್ ಭಾಷಣದಲ್ಲಿ ಲಿಂಕನ್ ಹೇಳಿದ "ಆಫ್ ದ ಪೀಪಲ್, ಬೈ ದ ಪೀಪಲ್, ಫಾರ್ ದ ಪೀಪಲ್" ನೋಡಿ. ಓದುವಾಗ "ಆಫ್, ಬೈ, ಫಾರ್" ಮೇಲೆ ಒತ್ತು ಹಾಕುವವರೇ ಹೆಚ್ಚು. ಮರುಕಳಿಸುವ ಪದ "ಪೀಪಲ್" ಎಂಬುದನ್ನು ನೋಡಿದರೆ ಒತ್ತು ಎಲ್ಲಿರಬೇಕೆಂದು ತಿಳಿಯುತ್ತದೆ.

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್ ಭಾಷಣ ಬರೆಯುವ ವಿದ್ಯಾರ್ಥಿ, ಕನ್ನಡದಲ್ಲಿ ಕೊನೆಗೆ ಮರುಕಳಿಸಿದ್ದನ್ನು ಇಂಗ್ಲಿಷ್‌ನಲ್ಲಿ ಮೊದಲಿಗೆ ತರಬೇಕು. ಮೂರು ಸಲ ಸಾಕು. ನಾಲ್ಕನೆಯ ಸಲ ತರುವುದಾದರೆ ಆ ವಾಕ್ಯ ಹಿಂದಿನದಕ್ಕಿಂತ ಉದ್ದವೋ ಗಿಡ್ಡವೋ ಆಗಿರಲಿ, ಅದೇ ಅಳತೆಯಲ್ಲಿದ್ದರೆ ಕೇಳುವವರ ಗಮನ ಜಾರುತ್ತದೆ.

ಥೇಮ್ಸ್_ಕನ್ನಡತಿ:
ಇಂಗ್ಲೆಂಡಿನಲ್ಲಿ ಓದುವ ಕನ್ನಡದ ಮಕ್ಕಳ ತಂದೆತಾಯಿಗಳಿಗೂ ಇದು ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಇಲ್ಲಿಯ ಜಿಸಿಎಸ್‌ಇಯಲ್ಲಿ (ಹದಿನಾರರ ವಯಸ್ಸಿನ ಸುಮಾರಿಗೆ ಬರೆಯುವ ಪರೀಕ್ಷೆ) ಎಕ್ಯೂಎ ಪರೀಕ್ಷಾ ಮಂಡಳಿಯ ಇಂಗ್ಲಿಷ್ ಲ್ಯಾಂಗ್ವೇಜ್ ಎರಡನೇ ಪತ್ರಿಕೆ ಪೂರ್ತಿ ಕಥೆಯಲ್ಲದ ಬರಹದ ಮೇಲೆ ನಿಂತಿದೆ. 1 ಗಂಟೆ 45 ನಿಮಿಷ, 80 ಅಂಕ. ಅದರಲ್ಲಿ 5ನೇ ಪ್ರಶ್ನೆಗೇ 40: ವಿಷಯ ಮತ್ತು ಜೋಡಣೆಗೆ 24, ವ್ಯಾಕರಣ, ಕಾಗುಣಿತ, ವಿರಾಮಚಿಹ್ನೆಗೆ 16. ತಂತ್ರಗಳನ್ನು ನೆನಪಿಡಲು "ಎ ಫಾರೆಸ್ಟ್" ಎಂಬ ಸೂತ್ರ ಬಾಯಿಪಾಠ ಮಾಡುತ್ತಾರೆ: ಅಲಿಟರೇಶನ್, ಫ್ಯಾಕ್ಟ್, ಒಪಿನಿಯನ್, ರೆಟರಿಕಲ್ ಕ್ವೆಶ್ಚನ್, ಎಮೋಟಿವ್ ಲ್ಯಾಂಗ್ವೇಜ್, ಸ್ಟ್ಯಾಟಿಸ್ಟಿಕ್ಸ್, ರೂಲ್ ಆಫ್ ತ್ರೀ. ಮುಂದೆ ಡೈರೆಕ್ಟ್ ಅಡ್ರೆಸ್ ಸೇರಿಸಿ "ಡಾ ಫಾರೆಸ್ಟ್" ಎನ್ನುವವರೂ ಇದ್ದಾರೆ.

ಸೂತ್ರದ ತೊಂದರೆ ಏನೆಂದರೆ, ಮಕ್ಕಳು ಅದನ್ನು ದಿನಸಿ ಚೀಟಿಯಂತೆ ಒಂದೊಂದಾಗಿ ಟಿಕ್ ಹಾಕುತ್ತಾರೆ. ಒಂದು ಪ್ಯಾರಾದಲ್ಲಿ ಏಳೂ ಬಂದಿರುತ್ತವೆ, ವಾದ ಮಾತ್ರ ಒಂದಡಿ ಮುಂದೆ ಹೋಗಿರುವುದಿಲ್ಲ. ಸ್ಟ್ಯಾಟಿಸ್ಟಿಕ್ಸ್ ಹಾಕಬೇಕೆಂದು ಶೇಕಡಾ 97 ಎಂದು ಬಾಯಿಗೆ ಬಂದ ಅಂಕಿ ಬರೆಯುತ್ತಾರೆ; ಓದುವವರ ನಂಬಿಕೆ ಅಲ್ಲೇ ಹೋಗುತ್ತದೆ.

ಬೆತ್ತದಕುರ್ಚಿ:
ಅಂಕಿ ಇಲ್ಲದೆಯೇ ಲೋಗಾಸ್, ಅಂದರೆ ತರ್ಕ, ಸಾಕ್ಷ್ಯಗಳಿಂದ ಒಪ್ಪಿಸುವುದು, ಸಾಧ್ಯ ಎಂಬುದನ್ನು ತೋರಿಸಬೇಕು. ಭಾನುವಾರವೂ ಗ್ರಾಮ ಪಂಚಾಯಿತಿ ಗ್ರಂಥಾಲಯ ತೆರೆಯಿರಿ ಎಂಬ ಮನವಿ ಎಂದುಕೊಳ್ಳಿ. ಸೂತ್ರ ನೋಡಿ ಬರೆದದ್ದು: "ಬುಕ್ಸ್ ಬಿಲ್ಡ್ ಬ್ರಿಲಿಯಂಟ್ ಬ್ರೇನ್ಸ್. ಡೋಂಟ್ ಯು ಲವ್ ಯುವರ್ ಚಿಲ್ಡ್ರನ್?" ಎರಡನೇ ವಾಕ್ಯ ಪಂಚಾಯಿತಿ ಅಧ್ಯಕ್ಷರನ್ನು ಹಂಗಿಸಿದಂತಾಯಿತು. ರೆಟರಿಕಲ್ ಕ್ವೆಶ್ಚನ್ ಕೆಡುವುದು ಹೀಗೆಯೇ: ಕೇಳುವವನು ಮನಸ್ಸಿನಲ್ಲಿ ಬೇರೆ ಉತ್ತರ ಕೊಡಬಲ್ಲನಾದರೆ ಆ ಪ್ರಶ್ನೆ ನಿಮ್ಮ ವಿರುದ್ಧವೇ ತಿರುಗುತ್ತದೆ.

ಇದನ್ನು ನೋಡಿ: "ದ ಲೈಬ್ರರಿ ಶಟ್ಸ್ ಆ್ಯಟ್ ಫೈವ್. ದ ಬಸ್ ಫ್ರಮ್ ದ ಹೈಸ್ಕೂಲ್ ಕಮ್ಸ್ ಆ್ಯಟ್ ಟೆನ್ ಪಾಸ್ಟ್ ಫೈವ್. ಸಂಡೇ ಈಸ್ ದ ಓನ್ಲಿ ಡೇ ವಿ ಕುಡ್ ಕಮ್, ಆ್ಯಂಡ್ ಆನ್ ಸಂಡೇ ಇಟ್ ಈಸ್ ಲಾಕ್ಡ್." ಅಲಂಕಾರ ಒಂದೂ ಇಲ್ಲ. ಐದು ಗಂಟೆ, ಐದು ಹತ್ತು. ಎರಡು ಹೊತ್ತು ಅಕ್ಕಪಕ್ಕ ಇಟ್ಟದ್ದೇ ಲೋಗಾಸ್. ಅಧ್ಯಕ್ಷರಿಗೆ ಪರಿಶೀಲಿಸಲು ಬರುವ ಸಂಗತಿ ಎಂಬುದರಿಂದ ಬರೆದವನ ಮೇಲೆ ನಂಬಿಕೆ ಹುಟ್ಟುತ್ತದೆ, ಅದು ಈಥಾಸ್. ಕೊನೆಯ ಬೀಗದ ಮಾತು ಮನಸ್ಸನ್ನು ತಟ್ಟುತ್ತದೆ, ಅದು ಪೇಥಾಸ್. ಅರಿಸ್ಟಾಟಲ್ ಹೇಳಿದ ಮೂರೂ ಹೀಗೆ ಒಂದರಲ್ಲೊಂದು ಬೆರೆತಿರುತ್ತವೆ, ಮೂರು ಪ್ರತ್ಯೇಕ ಪ್ಯಾರಾ ಬರೆಯಬೇಕಿಲ್ಲ.

ಹಾಳೆಹೊತ್ತಿಗೆ:
ಈ ಮೂರನ್ನು ಒಂದೇ ಭಾಷಣದಲ್ಲಿ ತೋರಿಸಲು ಯಾವುದು ಒಳ್ಳೆಯದು? ಪೋರ್ಷಿಯಾಳದೇ ಸಾಕೇ?

ತುಂಗಾತೀರ:
ಪೋರ್ಷಿಯಾಳ ಭಾಷಣ ಕಲಿಸಲು ಚೆನ್ನ, ಯಾಕೆಂದರೆ ಅದು ಸೋಲುತ್ತದೆ. ಅಷ್ಟೆಲ್ಲ ಕೇಳಿಯೂ ಶೈಲಾಕ್ "ಐ ಕ್ರೇವ್ ದ ಲಾ" ಎನ್ನುತ್ತಾನೆ. ಕಾರಣ ಕೇಳುಗನಲ್ಲಿದೆ. ನಾವೆಲ್ಲ ದಯೆಗಾಗಿ ಪ್ರಾರ್ಥಿಸುತ್ತೇವೆ, ಆ ಪ್ರಾರ್ಥನೆಯೇ ದಯೆ ತೋರಲು ಕಲಿಸುತ್ತದೆ ಎಂಬ ವಾದ ಕ್ರೈಸ್ತರ ಪ್ರಾರ್ಥನೆಯ ಮೇಲೆ ನಿಂತಿದೆ. ಎದುರಿಗಿರುವವನು ಯೆಹೂದಿ. ಕೊನೆಗೆ ಅವಳು ಗೆಲ್ಲುವುದು ಪತ್ರದ ಅಕ್ಷರ ಹಿಡಿದು: ಒಂದು ಪೌಂಡ್ ಮಾಂಸ ಎಂದಿದೆ, ರಕ್ತದ ಮಾತಿಲ್ಲ.

ಹಳೆಪದ್ಧತಿ:
ಪೂರ್ತಿ ಒಪ್ಪಲಾರೆ. ದೇವರಲ್ಲಿ ದಯೆ ಬೇಡುವುದು ಯೆಹೂದಿ ಪ್ರಾರ್ಥನೆಗಳಲ್ಲೂ ಧಾರಾಳವಾಗಿದೆ. ಹಿಂದಿನ ದೃಶ್ಯಗಳಲ್ಲಿ ಶೈಲಾಕ್‌ನ ಮೇಲೆ ಉಗುಳಿದ್ದಾರೆ, ನಾಯಿ ಎಂದಿದ್ದಾರೆ, ಮಗಳು ಮನೆ ಬಿಟ್ಟು ಹೋಗಿದ್ದಾಳೆ. ತನಗೆ ದಯೆ ತೋರದವರ ಪರವಾಗಿ ದಯೆಯ ಪಾಠ ಬಂದಾಗ ಅವನು ಕಿವಿಗೊಡುವುದಿಲ್ಲ. ಅಂದರೆ ಪೇಥಾಸ್ ಸರಿಯಿದೆ, ಈಥಾಸ್ ಇಲ್ಲ. ಹೇಳುವವರ ಕಡೆಯವರ ನಡತೆಯೇ ಮಾತನ್ನು ಕೆಡಿಸಿದೆ.

ತುಂಗಾತೀರ:
ಹಿಂದಿನ ಅವಮಾನಗಳ ಮಾತು ಒಪ್ಪಿದೆ, ಅದು ನನ್ನ ಕಾರಣಕ್ಕಿಂತ ಗಟ್ಟಿ. ಆದರೂ ಅಲ್ಲಿ ಬರುವ "ಸಾಲ್ವೇಶನ್" ಎಂಬ ಪದದ ಹಿಂದೆ ಕ್ರೈಸ್ತ ನಂಬಿಕೆಯ ನೆರಳಿದೆ ಎಂದೇ ನನ್ನ ಓದು. ತರಗತಿಯಲ್ಲಿ ಎರಡನ್ನೂ ಚರ್ಚೆಗೆ ಬಿಡಿ.

ಗೆಲ್ಲುವ ಭಾಷಣ ಬೇಕಾದರೆ "ಜೂಲಿಯಸ್ ಸೀಸರ್" ನಾಟಕದ 3ನೇ ಅಂಕ, 2ನೇ ದೃಶ್ಯದ ಆಂಟನಿ. "ಲೆಂಡ್ ಮಿ ಯುವರ್ ಇಯರ್ಸ್" ಎಂಬುದು ಮೆಟಾನಮಿ: ಕಿವಿ ಎಂದು ಹೇಳಿ ಕೇಳುವ ಗಮನ ಎಂದು ಅರ್ಥ. ಸೀಸರ್ ತಂದ ಸೆರೆಯಾಳುಗಳ ಬಿಡುಗಡೆ ಹಣ ಬೊಕ್ಕಸ ತುಂಬಿತು, ಕಿರೀಟವನ್ನು ಮೂರು ಸಲ ನಿರಾಕರಿಸಿದ: ಇವು ಲೋಗಾಸ್, ಜನ ಕಣ್ಣಾರೆ ಕಂಡ ಸಾಕ್ಷ್ಯ. ತೂತುಬಿದ್ದ ನಿಲುವಂಗಿ ತೋರಿಸುವುದು ಪೇಥಾಸ್. ಪ್ರತಿಯೊಬ್ಬನಿಗೆ 75 ಡ್ರಾಕ್ಮ ಎಂಬ ಉಯಿಲಿನ ಮಾತನ್ನು ಕೊನೆವರೆಗೆ ತಡೆದಿಡುತ್ತಾನೆ. "ಬ್ರೂಟಸ್ ಈಸ್ ಆ್ಯನ್ ಆನರಬಲ್ ಮ್ಯಾನ್" ಮೊದಲ ಸಲ ಬಂದಾಗ ಹೊಗಳಿಕೆ, ಪ್ರತಿ ಸಾಕ್ಷ್ಯದ ನಂತರ ಮತ್ತೆ ಬಂದಂತೆ ತೆಗಳಿಕೆ. ಐರನಿ ಎಂದು ಬರೆದರೆ ಸರಿ. ಕನ್ನಡದಲ್ಲಿ ವ್ಯಾಜಸ್ತುತಿ ಓದಿದವರಿಗೆ ತಟ್ಟನೆ ಹೊಳೆಯುತ್ತದೆ.

ಮರಳುಗಡಿಯಾರ:
ನಮ್ಮ ದೇಶದ್ದೂ ಒಂದಿರಲಿ. 1947ರ ಆಗಸ್ಟ್ 14ರ ರಾತ್ರಿ ನೆಹರೂ ಹೇಳಿದ್ದು: ಮಧ್ಯರಾತ್ರಿಯ ಗಂಟೆ ಹೊಡೆದಾಗ, ಜಗತ್ತು ಮಲಗಿರುವಾಗ, ಭಾರತ ಎಚ್ಚರಗೊಳ್ಳುತ್ತದೆ. ಮಲಗುವುದು ಮತ್ತು ಏಳುವುದು ಆ್ಯಂಟಿತಿಸಿಸ್, ದೇಶ ಏಳುವುದು ಪರ್ಸಾನಿಫಿಕೇಶನ್. ಆ ಹೊತ್ತಿಗೆ ಲಂಡನ್ನಿನಲ್ಲಿ ಸಂಜೆ, ನ್ಯೂಯಾರ್ಕಿನಲ್ಲಿ ಮಧ್ಯಾಹ್ನ, ಜಗತ್ತು ಮಲಗಿರಲಿಲ್ಲ. ಹಾಗಾದರೆ ಇದು ತಪ್ಪೇ ಎಂದು ಮಕ್ಕಳನ್ನು ಕೇಳಿ. ಲೋಗಾಸ್ ಬಿಟ್ಟುಕೊಟ್ಟು ಪೇಥಾಸ್ ಗಳಿಸಿಕೊಂಡ ಸಾಲು ಎಂದು ಅವರೇ ಹೇಳುವಂತಾದರೆ ಸಾಕು.

ಅಕ್ಷರಪಥ:
"ಪೆಥೆಟಿಕ್ ಫ್ಯಾಲಸಿ"ಯನ್ನು ತರ್ಕದೋಷಗಳ ಪಟ್ಟಿಗೆ ಸೇರಿಸಬೇಡಿ. ಜಾನ್ ರಸ್ಕಿನ್ 1856ರಲ್ಲಿ ಬಳಕೆಗೆ ತಂದ ಮಾತು, ಪ್ರಕೃತಿಗೆ ಮನುಷ್ಯನ ಭಾವ ಹಚ್ಚುವುದಕ್ಕೆ. ನಾಯಕಿ ಅತ್ತಾಗ ಮೋಡವೂ ಅತ್ತಿತು ಎಂಬಂಥದ್ದು. ಪರ್ಸಾನಿಫಿಕೇಶನ್ ಯಾವ ವಸ್ತುವಿಗೂ ಆಗಬಹುದು, ಇದು ಪ್ರಕೃತಿಗೆ, ಅದರಲ್ಲೂ ಭಾವಕ್ಕೆ ಸೀಮಿತ.

ಉಚ್ಚಾರಣೆಯನ್ನೂ ಬರೆದುಕೊಳ್ಳಿ, ಮೌಖಿಕ ಪರೀಕ್ಷೆಯಲ್ಲಿ ಎಡವುವುದು ಇಲ್ಲೇ: ಸಿಮಿಲಿ ("ಸ್ಮೈಲ್" ಅಲ್ಲ), ಹೈಪರ್ಬಲಿ ("ಹೈಪರ್‌ಬೋಲ್" ಅಲ್ಲ), ಸಿನೆಕ್ಡಕಿ, ಎಪಿಸ್ಟ್ರಫಿ, ಕಯಾಸ್ಮಸ್, ಆನಮ್ಯಾಟಪೀಯ.

ಹಾಳೆಹೊತ್ತಿಗೆ:
ಮೂರು ಅಂಕದ ಪ್ರಶ್ನೆಗೆ ಉತ್ತರದ ಅಳತೆ ಹೇಗಿರಬೇಕು? ಮಳೆಯ ಸಾಲಿಗೇ ಹೇಳಿ.

ತುಂಗಾತೀರ:
ಹೆಸರಿಗೆ ಒಂದು ವಾಕ್ಯ, ಸಾಲಿನಿಂದ ಎರಡು ಮೂರು ಪದ, ಪರಿಣಾಮಕ್ಕೆ ಎರಡು ವಾಕ್ಯ. ಹೀಗೆ: "ಶೇಕ್ಸ್‌ಪಿಯರ್ ಇಲ್ಲಿ ಸಿಮಿಲಿ ಬಳಸಿದ್ದಾನೆ, ದಯೆಯನ್ನು 'ಜೆಂಟಲ್ ರೇನ್'ಗೆ ಹೋಲಿಸಿದ್ದಾನೆ. ಮಳೆ ಯಾರ ಬಲವಂತವೂ ಇಲ್ಲದೆ ಬೀಳುವಂತೆ ದಯೆಯೂ ತಾನಾಗಿ ಬರಬೇಕು ಎಂದು ಪೋರ್ಷಿಯಾ ಶೈಲಾಕ್‌ನ ಪ್ರಶ್ನೆಗೆ ಉತ್ತರಿಸುತ್ತಾಳೆ. ಅದು ಸ್ವರ್ಗದಿಂದ ಇಳಿಯುವುದರಿಂದ ದಯೆ ದೈವಗುಣ ಎಂದು ಮುಂದೆ ಹೇಳಲಿರುವ ಮಾತಿಗೂ ಇಲ್ಲೇ ದಾರಿ ಮಾಡಿಕೊಳ್ಳುತ್ತಾಳೆ."

ಬರೆದ ಮೇಲೆ ಪರಿಣಾಮದ ವಾಕ್ಯವನ್ನು ಬೇರೆ ಯಾವುದಾದರೂ ಕವಿತೆಯ ಉತ್ತರಕ್ಕೆ ಅಂಟಿಸಿ ನೋಡಲಿ. ಅಲ್ಲೂ ಹೊಂದಿಕೊಂಡರೆ ಹೊಡೆದುಹಾಕಿ ಮತ್ತೆ ಬರೆಯಬೇಕು. "ಓದುಗರ ಮನಸ್ಸಿನಲ್ಲಿ ಚಿತ್ರ ಮೂಡಿಸುತ್ತದೆ" ಎಂಬ ವಾಕ್ಯ ಎಲ್ಲ ಕಡೆ ಹೊಂದುತ್ತದೆ.

ಬೆತ್ತದಕುರ್ಚಿ:
ಅದೇ ಪದ್ಯದ "ಟ್ವೈಸ್ ಬ್ಲೆಸ್ಟ್" ಸಾಲನ್ನು ಪ್ಯಾರಡಾಕ್ಸ್ ಎಂದು ಬರೆದ ಉತ್ತರಗಳು ಓಡಾಡುತ್ತಿವೆ. ಕೊಟ್ಟವನಿಗೂ ಪಡೆದವನಿಗೂ ಒಳ್ಳೆಯದು ಎಂಬುದರಲ್ಲಿ ಅಸಂಬದ್ಧತೆ ಇಲ್ಲ. "ಹಿಮ್ ದಟ್ ಗಿವ್ಸ್ ಆ್ಯಂಡ್ ಹಿಮ್ ದಟ್ ಟೇಕ್ಸ್" ಎಂಬಲ್ಲಿ ಒಂದೇ ಅಳತೆಯ ಎರಡು ತುಂಡುಗಳಿವೆ, ಕೊಡುವುದು ಮತ್ತು ಪಡೆಯುವುದು ಎದುರುಬದುರಾಗಿವೆ. ಪ್ಯಾರಲಲಿಸಂ ಎಂದರೂ ಆ್ಯಂಟಿತಿಸಿಸ್ ಎಂದರೂ ನಡೆಯುತ್ತದೆ.